ಮೇಣ ಗಿಡದ್ದೋ, ಹುಳುವಿನದೋ?

ಗೋವೆಯಲ್ಲಿ ವ್ಯಾಪಾರ ಮಾಡುವ ನಮಗೆ ಭಿರಂಡ ಹೊಸದಲ್ಲ. ಕನ್ನಡ ನಾಡಿನಲ್ಲಿ ಇದನ್ನೇ ಮುರುಗಲು, ಪುನರ್ಪುಳಿ ಎನ್ನುತ್ತಾರೆ. ಸಿಪ್ಪೆ ಸಾರಿಗೆ, ಶರಬತ್ತಿಗೆ, ಬೀಜ ತುಪ್ಪಕ್ಕೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದಾಗ ಮೇಣದಂತೆ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುವ ರೂಢಿ ಹಿಂದಿನದು.

ವಿಜ್ಞಾನದ ಲೆಕ್ಕದಲ್ಲಿ ಇದು ಕೊಬ್ಬು, ಮೇಣವಲ್ಲ. ನಿಜವಾದ ಸಸ್ಯಮೇಣವೆಂದರೆ ಬ್ರೆಜಿಲಿನ ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ, ಮೆಕ್ಸಿಕೋದ ಕುರುಚಲು ಗಿಡದ ಕ್ಯಾಂಡೆಲಿಲ್ಲಾ, ನಮ್ಮ ಅಕ್ಕಿ ತೌಡಿನ ಮೇಣ. ಮಿಠಾಯಿ, ಮಾತ್ರೆ, ಹಣ್ಣುಗಳ ಹೊಳಪಿಗೆ ಇಂಥವನ್ನು ಬಳಸುತ್ತಾರೆ.

ಆದರೆ ಅದೇ ಹೊಳಪಿಗೆ ಜೇನುಮೇಣ, ಅರಗೂ ಬಳಕೆಯಾಗುತ್ತವೆ. ಇವೆರಡೂ ಕೀಟಗಳಿಂದ ಬಂದವು. ಅರಗು ತೆಗೆಯುವಾಗ ಅಸಂಖ್ಯ ಜೀವಗಳು ಹೋಗುತ್ತವೆ. ಹಸಿರು ಚುಕ್ಕೆ ನೋಡಿ ಸುಮ್ಮನಾಗುವಂತಿಲ್ಲ. 2020ರ ಲೇಬಲ್ ನಿಯಮಗಳಲ್ಲಿ ಜೇನುಮೇಣವನ್ನೂ ಅರಗನ್ನೂ ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಆದುದರಿಂದ ಪೊಟ್ಟಣದ ಹಿಂಬದಿಯ ಐಎನ್ಎಸ್ ಸಂಖ್ಯೆ ಓದಬೇಕು: 901 ಜೇನುಮೇಣ, 904 ಅರಗು; 902 ಕ್ಯಾಂಡೆಲಿಲ್ಲಾ, 903 ಕಾರ್ನೌಬಾ. ಮೊದಲೆರಡು ನಮಗೆ ಬೇಡ, ಕೊನೆಯೆರಡು ಗಿಡದವು.

ಮಾರುವವರೂ ಓದಬೇಕು, ಕೊಳ್ಳುವವರೂ ಓದಬೇಕು. ನೀರನ್ನೇ ಸೋಸಿ ಕುಡಿಯುವವರು ನಾವು. ಮಕ್ಕಳ ಕೈಗಿಡುವ ಮಿಠಾಯಿಯನ್ನೂ ಸೋಸಿಯೇ ಕೊಡೋಣ.