ಸೆನ್ಸಾರ್ ಕತ್ತರಿಗೂ ಮೊದಲು ದರ್ಜಿಯ ಕತ್ತರಿ

ಹಾಲಿವುಡ್ಡಿನ ಆರಂಭದ ದಿಟ್ಟ ಉಡುಪುಗಳ ಮಾತು ಬಂದರೆ, ಆಗ ಹೇಳುವವರು ಕೇಳುವವರು ಇರಲಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ನಿಜವಲ್ಲ. ಸಿನಿಮಾಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1915ರಲ್ಲೇ ತೀರ್ಪಿತ್ತಿತ್ತು. ಓಹಿಯೊದಂಥ ರಾಜ್ಯಗಳಲ್ಲಿ ಸೆನ್ಸಾರ್ ಮಂಡಳಿಗಳೂ ಇದ್ದವು. 1917ರ ‘ಕ್ಲಿಯೋಪಾತ್ರ’ದಲ್ಲಿ ಥೀಡಾ ಬಾರಾ ಸುರುಳಿ ಸುತ್ತಿದ ಹಾವಿನಾಕಾರದ ಕುಪ್ಪಸ ತೊಟ್ಟದ್ದು ಇವೆಲ್ಲ ಇದ್ದಾಗಲೇ. ಅಲ್ಲಿ ಪುರಾತನ ರಾಣಿಯೆಂಬ ನೆಪವಿತ್ತು. ಮುಂದೆ ಆ ನೆಪವೂ ಬೇಕಾಗಲಿಲ್ಲ, ಏಕೆಂದರೆ ದಿಟ್ಟತನ ಬಟ್ಟೆಯ ಅಳತೆಯಿಂದ ಹೊಲಿಗೆಯ ಕೌಶಲಕ್ಕೆ ದಾಟಿತು.

1933ರ ‘ಡಿನ್ನರ್ ಅಟ್ ಎಯ್ಟ್’ನಲ್ಲಿ ಜೀನ್ ಹಾರ್ಲೊ ತೊಟ್ಟ ಬಿಳಿ ಸ್ಯಾಟಿನ್ ಗೌನನ್ನೇ ನೋಡಿ. ವಿನ್ಯಾಸ ಏಡ್ರಿಯನ್ ಅವರದು. ಹಾಸು ಹೊಕ್ಕುಗಳ ನೇರಕ್ಕೆ ಕತ್ತರಿಸಿದ ಬಟ್ಟೆ ಮೈಯಿಂದ ದೂರ ನಿಲ್ಲುತ್ತದೆ. ನಮ್ಮ ದರ್ಜಿಗಳು ರವಿಕೆಗೆ ‘ಕ್ರಾಸ್’ ತೆಗೆಯುವಂತೆ ಓರೆಯಾಗಿ ಕತ್ತರಿಸಿದರೆ ಅದೇ ಬಟ್ಟೆ ಹಿಗ್ಗುತ್ತದೆ, ಮೈಯ ತಿರುವುಗಳನ್ನು ಹಿಂಬಾಲಿಸುತ್ತದೆ. ಪ್ಯಾರಿಸ್ಸಿನಲ್ಲಿ ಮದ್ಲೆನ್ ವಿಯೊನೆ ಪಳಗಿಸಿದ ವಿದ್ಯೆಯಿದು. ಬಣ್ಣವಿಲ್ಲದ ತೆರೆಯ ಮೇಲೆ ಸ್ಯಾಟಿನ್ನಿನ ಹೊಳಪೇ ಬಣ್ಣ. ಹಾರ್ಲೊ ಒಂದು ಹೆಜ್ಜೆಯಿಟ್ಟರೆ ಸೊಂಟದಿಂದ ಪಾದದವರೆಗೆ ಬೆಳಕು ಜಾರುತ್ತದೆ. ಮೈ ಮುಚ್ಚಿದೆ, ಆದರೂ ಏನೂ ಮರೆಯಾಗಿಲ್ಲ. 1930ರಲ್ಲಿ ಸ್ಟುಡಿಯೊಗಳು ತಾವೇ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ ಉಡುಪಿಗೂ ನಿಯಮಗಳಿದ್ದವು. ಆರ್ಥಿಕ ಕುಸಿತದಲ್ಲಿ ಚಿತ್ರಮಂದಿರಗಳು ಬರಿದಾಗುತ್ತಿದ್ದಾಗ ಅವನ್ನು ಪಾಲಿಸುವ ಆತುರ ಯಾರಿಗೂ ಇರಲಿಲ್ಲ.

ಹೆಣ್ಣಿನ ಮೈಯನ್ನು ಮಾರಾಟಕ್ಕಿಟ್ಟ ವ್ಯಾಪಾರವನ್ನು ಕಲೆಯೆನ್ನುವುದು ಹೇಗೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ‘ದಿ ಸೈನ್ ಆಫ್ ದಿ ಕ್ರಾಸ್’ನಲ್ಲಿ ಕ್ಲೋಡೆಟ್ ಕೋಲ್ಬರ್ಟ್ ಅವರ ಹಾಲಿನ ಸ್ನಾನ ಟಿಕೆಟ್ಟಿಗಾಗಿಯೇ ಇತ್ತು. ಆದರೆ ಎಲ್ಲವೂ ಅಷ್ಟೇ ಆಗಿದ್ದರೆ 1930ರ ‘ಮೊರಾಕೊ’ ಏಕೆ ಬೆಚ್ಚಿಬೀಳಿಸಬೇಕಿತ್ತು? ಅಲ್ಲಿ ಮಾರ್ಲೀನ್ ಡೀಟ್ರಿಕ್ ಗಂಡಸರ ಕೋಟು, ಎತ್ತರದ ಟೋಪಿ ತೊಟ್ಟು, ಇನ್ನೊಬ್ಬ ಹೆಣ್ಣಿನ ತುಟಿಗೆ ಮುತ್ತಿಡುತ್ತಾಳೆ. ಕತ್ತಿನಿಂದ ಕಾಲಿನವರೆಗೆ ಮುಚ್ಚಿದ ಆ ಉಡುಪಿನಷ್ಟು ದಿಟ್ಟವಾದದ್ದು ಆ ದಶಕದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಕಾಡಿದ್ದು ಬರಿಮೈಯಲ್ಲ, ತನ್ನ ಉಡುಪನ್ನು ತಾನೇ ಆರಿಸಿಕೊಂಡ ಹೆಣ್ಣು.

ಕ್ಯಾಥೊಲಿಕ್ ಸಂಘಟನೆಗಳು ಬಹಿಷ್ಕಾರಕ್ಕಿಳಿದ ಮೇಲೆ, 1934ರ ಜುಲೈಯಿಂದ ಚಿತ್ರಗಳಿಗೆ ಆ ನೀತಿಸಂಹಿತೆಯನ್ನು ಜಾರಿಗೊಳಿಸುವ ಜೋಸೆಫ್ ಬ್ರೀನ್ ಅವರ ಕಚೇರಿಯ ಮುದ್ರೆ ಕಡ್ಡಾಯವಾಯಿತು. ತಪ್ಪಿದರೆ 25,000 ಡಾಲರ್ ದಂಡ. ಟಾರ್ಜನ್ನನ ಜೇನ್ 1936ರ ಹೊತ್ತಿಗೆ ಕಾಡಿನಲ್ಲೂ ಮೈತುಂಬ ಉಟ್ಟಳು. ಬರೀ ಮಸಿಯ ಗೆರೆಗಳಾಗಿದ್ದ ಕಾರ್ಟೂನ್ ಹುಡುಗಿ ಬೆಟ್ಟಿ ಬೂಪ್‌ಳ ಲಂಗವನ್ನೂ ಕೆಳಗಿಳಿಸಿದರು.