ಹೊಸ ಉತ್ಪನ್ನ: ಅಚ್ಚು ಸಿದ್ಧವಾಗುವ ಮುನ್ನ ಕೇಳಬೇಕಾದ ಪ್ರಶ್ನೆ

ಹೊಸ ಉತ್ಪನ್ನವೊಂದು ಸೋತಾಗ ದೂರು ಸಾಮಾನ್ಯವಾಗಿ ಮಾರಾಟ ವಿಭಾಗದ ತಲೆಗೆ ಬರುತ್ತದೆ. ಆದರೆ ಅನೇಕ ಸಲ ಸೋಲಿನ ಬೀಜ ಬಿದ್ದಿರುವುದು ಬಹಳ ಮೊದಲೇ, ವಿಚಾರವಿನ್ನೂ ಕಾಗದದ ಮೇಲಿರುವಾಗ. ಆ ಘಟ್ಟದಲ್ಲಿ ಖರ್ಚು ಅತ್ಯಲ್ಪ. ಅದಕ್ಕೇ ಏನೋ, ಅದರತ್ತ ಗಮನವೂ ಅಲ್ಪ.

ಈ ಮಸುಕಾದ ಆರಂಭಕ್ಕೆ ಚೌಕಟ್ಟು ಒದಗಿಸಿದ ಪದ್ಧತಿಗಳಲ್ಲಿ ಪ್ರಸಿದ್ಧವಾದದ್ದು ಕೆನಡಾದ ಪ್ರಾಧ್ಯಾಪಕ ರಾಬರ್ಟ್ ಕೂಪರ್ 1980ರ ದಶಕದಲ್ಲಿ ರೂಪಿಸಿದ 'ಸ್ಟೇಜ್-ಗೇಟ್'. ಮೊದಲು ವಿಚಾರ, ನಂತರ ಪ್ರಾಥಮಿಕ ಪರಿಶೀಲನೆ, ಆಮೇಲೆ ಲಾಭನಷ್ಟದ ಅಂದಾಜು. ಇವು ಮುಗಿದ ಮೇಲಷ್ಟೇ ಉತ್ಪನ್ನದ ಅಭಿವೃದ್ಧಿ. ಪ್ರತಿ ಹಂತಕ್ಕೂ ಒಂದು ಹೊಸ್ತಿಲುಂಟು. ಮುಂದುವರಿಯಬೇಕೇ, ನಿಲ್ಲಿಸಬೇಕೇ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಹಣ ಬಿಡುಗಡೆಯಾಗುವುದು ಮುಂದಿನ ಹೊಸ್ತಿಲಿನವರೆಗೆ ಮಾತ್ರ. 'ಬೇಡ' ಎನ್ನುವ ಧೈರ್ಯವಿಲ್ಲದ ಕಡೆ ಇಂತಹ ಸಭೆಗಳು ಚಹಾ ಸೇವನೆಗಷ್ಟೇ ಸೀಮಿತ.

ಟಾಟಾ ಮೋಟಾರ್ಸ್‌ನ ಎರಡು ವಾಹನಗಳು ಇಲ್ಲಿ ಗಮನಾರ್ಹ. 2000-01ರಲ್ಲಿ ಸುಮಾರು 500 ಕೋಟಿ ರೂಪಾಯಿ ನಷ್ಟ ಕಂಡ ಕಂಪನಿಯು ಸಣ್ಣ ಸರಕು ವಾಹನದ ಯೋಚನೆಗೆ ಕೈಹಾಕಿದಾಗ, ಗಿರೀಶ್ ವಾಘ್ ನೇತೃತ್ವದ ತಂಡ ನಕ್ಷೆ ಬರೆಯುವ ಮೊದಲು ತ್ರಿಚಕ್ರ ವಾಹನಗಳ ಚಾಲಕರನ್ನು ಮಾತನಾಡಿಸಿತು. ಅವರು ಬಯಸಿದ್ದು ಹೆಚ್ಚಿನ ಭಾರ ಹೊರುವ ಶಕ್ತಿಯನ್ನಷ್ಟೇ ಅಲ್ಲ. ನಾಲ್ಕು ಚಕ್ರದ ಒಡೆಯನಿಗೆ ಊರಿನಲ್ಲಿ ಸಿಗುವ ಮರ್ಯಾದೆಯನ್ನೂ. ಯಾವ ಅಂಕಿಅಂಶದ ಪಟ್ಟಿಯಲ್ಲಿಯೂ ಈ ಉತ್ತರ ದೊರೆಯುತ್ತಿರಲಿಲ್ಲ. ಇಂಡಿಕಾದ ನಾಲ್ಕು ಸಿಲಿಂಡರ್ ಎಂಜಿನ್ ಅರ್ಧಕ್ಕಿಳಿದು 702 ಸಿಸಿಯದಾಯಿತು. 2005ರಲ್ಲಿ 'ಏಸ್' ರಸ್ತೆಗಿಳಿಯಿತು. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು.

ಅದೇ ವಾಘ್ ಮುನ್ನಡೆಸಿದ 'ನ್ಯಾನೋ' 2009ರಲ್ಲಿ ಬಂತು. ಇಲ್ಲಿ ಮೊದಲೇ ನಿಗದಿಯಾಗಿದ್ದದ್ದು ಬೆಲೆ: ಒಂದು ಲಕ್ಷ ರೂಪಾಯಿ. ಎಂಜಿನಿಯರುಗಳು ಆ ಸವಾಲನ್ನು ಅದ್ಭುತವಾಗಿಯೇ ಎದುರಿಸಿದರು. ಸಿಂಗೂರಿನಿಂದ ಸಾನಂದಕ್ಕೆ ಕಾರ್ಖಾನೆ ಸ್ಥಳಾಂತರಗೊಂಡದ್ದೂ ಪೆಟ್ಟು ಕೊಟ್ಟಿತು, ನಿಜ. ಆದರೆ ಸ್ಕೂಟರಿನ ಕುಟುಂಬ 'ಅತ್ಯಂತ ಅಗ್ಗದ ಕಾರಿನ' ಒಡೆತನವನ್ನು ಬಯಸೀತೇ ಎಂಬ ಪ್ರಶ್ನೆ ಹೊಸ್ತಿಲಲ್ಲಿ ಗಟ್ಟಿಯಾಗಿ ಕೇಳಿಬರಲಿಲ್ಲವೆಂದೇ ತೋರುತ್ತದೆ. 'ಅಗ್ಗ' ಎಂಬ ಹಣೆಪಟ್ಟಿ ಹಾನಿ ಮಾಡಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. 2018ರ ಸುಮಾರಿಗೆ ತಯಾರಿಕೆ ನಿಂತಿತು.

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ತೊಡಕು ಬೇರೆ. ಅಲ್ಲಿ ಅನೇಕ ವೇಳೆ ವಿಚಾರ ಹುಟ್ಟಿಸುವವರೂ ಮಾಲೀಕರೇ, ಹೊಸ್ತಿಲು ಕಾಯುವವರೂ ಅವರೇ. ಬ್ಯಾಂಕಿನ ಸಾಲ ಅಚ್ಚಿನಲ್ಲಿ ಸಿಲುಕಿದ ಮೇಲೆ ಹಿಂದೆ ಸರಿಯುವುದು ಕಠಿಣ. ಆದ್ದರಿಂದ ಕೈಯಲ್ಲೇ ಮಾಡಿದ ಒಂದು ಮಾದರಿಯನ್ನು ನಾಲ್ಕಾರು ಗ್ರಾಹಕರ ಮುಂದಿಟ್ಟು, 'ಚೆನ್ನಾಗಿದೆಯೇ?' ಎಂದು ಕೇಳುವ ಬದಲು ಮುಂಗಡ ಕೇಳಿ ನೋಡುವುದು ಮೇಲು.