ಹಿಪ್ಪುನೇರಳೆಯ ತುಕ್ರ: ಯಾವುದು ಶತ್ರು?

ಕುಡುಮಲಕುಂಟೆಯ ಕಡೆ ಹಿಪ್ಪುನೇರಳೆ ತೋಟ ಕಂಡರೆ ಗಿಡಗಳ ಕುಡಿಗಳನ್ನು ಗಮನಿಸಿ. ಎಲೆ ಮುದುಡಿ ಕಡುಹಸಿರಾಗಿ, ಗೆಣ್ಣುಗಳು ಒತ್ತೊತ್ತಾಗಿದ್ದರೆ ಅದು ‘ತುಕ್ರ’. ಗುಲಾಬಿ ಹಿಟ್ಟುತಿಗಣೆ ರಸ ಹೀರಿದ ಪರಿಣಾಮ. ತಿಗಣೆಯ ಮೈಮೇಲೆ ಬಿಳಿ ಮೇಣವಿರುವುದರಿಂದ ನೀರಿನ ಹನಿ ಗುಂಡಾಗಿ ಉರುಳಿಹೋಗುತ್ತದೆ. ಸೋಪು ಬೆರೆಸಿದರೆ ಮೇಲ್ಮೈ ಎಳೆತ ತಗ್ಗಿ, ಸ್ಪರ್ಶಕೋನ ಕಿರಿದಾಗಿ, ದ್ರಾವಣ ಹರಡಿಕೊಳ್ಳುತ್ತದೆ.

ಆದರೆ ಸಿಂಪಡಿಸುವ ಮುನ್ನ 2.5 ಸೆಂ.ಮೀ. ಸಂಗಮದೂರದ ಮಸೂರದಿಂದ (ಸುಮಾರು 10 ಪಟ್ಟು ವರ್ಧನೆ) ನೋಡಿ. ತಿಗಣೆಯನ್ನು ತಿನ್ನುವ ಕ್ರಿಪ್ಟೋಲೇಮಸ್ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣವನ್ನೇ ಹೊದ್ದಿರುತ್ತದೆ! ಅದು ದೊಡ್ಡದು, ಚುರುಕಾಗಿ ಓಡಾಡುತ್ತದೆ. ಮಿತ್ರನನ್ನೇ ಶತ್ರುವೆಂದು ಹೊಸಕಿಹಾಕುವುದು ಅಪರೂಪವೇನಲ್ಲ.

ಮುದುಡಿದ ಕುಡಿಗಳನ್ನು ಕತ್ತರಿಸಿ ಸುಡಬೇಕು. ಹಿಂದೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ 2020ರ ಡಿಸೆಂಬರ್ 31ರಿಂದ ಭಾರತದಲ್ಲಿ ನಿಷಿದ್ಧ. ಯಾವುದೇ ಕೀಟನಾಶಕವಿರಲಿ, ಅದರ ಶೇಷ ಉಳಿದ ಸೊಪ್ಪು ತಿಂದರೆ ರೇಷ್ಮೆಹುಳುವೂ ಕೀಟವೇ ತಾನೆ?